ಹೋಟಗಿ ಸ್ಟೇಶನ್ನಿನ ಚಹಾ

ಶ್ರಾವಣದ ಮೊದಲ ಸೋಮವಾರ. ಸೋಮವ್ವ ಒಲೆಯ ಮುಂದೆ ಕುಳಿತು, ಕದ್ದು ಎನ್ನುವಂತೇನೂ ಅಲ್ಲ, ಆದರೂ ಸೆರಗನ್ನು ಕೊಂಚ ಮುಂದಕ್ಕೆ ಎಳೆದುಕೊಂಡು, ಒಂದು ಬಟ್ಟಲು ಚಹಾ ಕುಡಿಯುತ್ತಿದ್ದಳು. ಹಿತ್ತಲಿನಿಂದ ಅತ್ತೆ ಅಕ್ಕನಾಗಮ್ಮ ಒಳಗೆ ಬಂದಳು.

"ಉಪವಾಸ ಮುರದಿ ಅಂದಂಗಾತು."

"ಇಲ್ರಿ ಅತ್ತಿ, ಬರೇ ಚಹಾ."

"ಹಾಲು ಹಾಕೀಯಿಲ್ಲೋ?"

"ಹಾಕೀನ್ರಿ."

"ಸಕ್ಕರಿ?"

"ಒಂದ ಚಿಟಿಕಿ."

"ಹಾಲು ಸಕ್ಕರಿ ಬಿದ್ದ ಮ್ಯಾಲ ಅದು ನೀರ ಅಲ್ಲವಾ, ಊಟ. ಮುರದದ್ದ ಮುರೀತು, ಇನ್ನ ಎರಡ ರೊಟ್ಟಿ ತಿಂದು ಬಟ್ಟಿ ಒಗಿ ಹೋಗು. ಖಾಲಿ ಹೊಟ್ಟೀಲೆ ಒಗದ್ರ ಸೀರಿ ಕೊಳಿ ಹೋಗಂಗಿಲ್ಲ."

ಸೋಮವ್ವ ನಗುತ್ತ ರೊಟ್ಟಿಯ ಬುಟ್ಟಿ ಎಳೆದುಕೊಂಡಳು. ಅತ್ತೆಯ ಬೈಗುಳಕ್ಕೆ ಅಳುವ ಕಾಲ ಎಂದೋ ಮುಗಿದಿತ್ತು. ಅಕ್ಕನಾಗಮ್ಮನ ತಲೆಯಲ್ಲಿ ಮನೆತನದ ಪದ್ಧತಿಗಳೆಲ್ಲ ಉಪ್ಪಿನಕಾಯಿ ಭರಣಿಗಳ ಹಾಗೆ ಸಾಲಾಗಿ ಕೂತಿದ್ದವು. ಯಾರ ಮದುವೆಯಲ್ಲಿ ಯಾರು ಉಣ್ಣದೆ ಎದ್ದರು, ಯಾವ ಬಸುರಿಯ ಕುಬಸಕ್ಕೆ ಯಾವ ಬಣ್ಣದ ಸೀರೆ ಬಂತು, ಎಲ್ಲ ಆಕೆಗೆ ಬಾಯಿಪಾಠ. ಕರಜಗಿಯ ಹೊಲವನ್ನು ಭಾವ ಗುರುಲಿಂಗಪ್ಪನ ಕೈಗೆ ಬಿಟ್ಟು ಗಂಡ ಅಮೃತಪ್ಪನ ಜೊತೆ ಸೋಲಾಪುರಕ್ಕೆ ಬಂದು ನೆಲೆಸಿ ವರ್ಷಗಳೇ ಆಗಿದ್ದರೂ, ಪದ್ಧತಿ ಮಾತ್ರ ಕರಜಗಿಯದೇ. ಮಗ ಶಿವಶರಣಪ್ಪ ನವಿ ಪೇಠೆಯ ಬಟ್ಟೆಯಂಗಡಿಯಲ್ಲಿ ಅರಿವೆ ಅಳೆಯುತ್ತಿದ್ದ. ಆತನ ಹೆಂಡತಿ ಸೋಮವ್ವ. ಅವರ ಮಗ ನಿಂಗಣ್ಣ.

ಈ ನಿಂಗಣ್ಣನಿಗೆ ಮೂರು ವರ್ಷವಾದರೂ ಜವಳ ಆಗಿರಲಿಲ್ಲ. ಹುಟ್ಟುಗೂದಲು ಹಾಗೇ ಬೆಳೆದು ಭುಜಕ್ಕೆ ಇಳಿದಿತ್ತು. ಮೊದಲ ವರ್ಷ ಕರಜಗಿಯಲ್ಲಿ ಹಿರಿಯಜ್ಜಿ ತೀರಿಕೊಂಡಿದ್ದಳು. ಎರಡನೆಯದು ಸರಿ ವರ್ಷ, ಜವಳಕ್ಕೆ ಬೆಸ ವರ್ಷವೇ ಆಗಬೇಕು. ಹೀಗಾಗಿ ಸೋಮವ್ವ ದಿನಾ ಮುಂಜಾನೆ ಮಗನಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದಳು. ಬೀದಿಯಲ್ಲಿ ಬಳೆಗಾರ ಒಮ್ಮೆ ಅವನ ಕೈ ಹಿಡಿದು, "ಈ ತಾಯಿಗೆ ಹಸರ ಬಳಿ ಒಪ್ಪತಾವ ನೋಡ್ರಿ" ಎಂದಿದ್ದ. ಈ ವರ್ಷ ತಪ್ಪಿದರೆ ಜಡೆ ಇನ್ನೆರಡು ವರ್ಷ ಬೆಳೆಯಬೇಕು.

ಪಂಚಮಿ ಕಳೆದ ಮೇಲಿನ ರವಿವಾರ ಆ ಮಾತು ಬಂತು. ಅಮೃತಪ್ಪ, ಶಿವಶರಣಪ್ಪ ಉಣ್ಣಲು ಕೂತಿದ್ದರು. ಸೋಮವ್ವನ ಅಕ್ಕ ಗಂಗುಬಾಯಿ ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದಳು. ಆಕೆ ಗಿರಣಿಯಲ್ಲಿ ನೂಲು ಸುತ್ತುವ ಕೆಲಸದವಳು; ರಜೆಯ ದಿನ ಬರುವಾಗ ಒಂದು ಡಬ್ಬಿ ಶೇಂಗಾ ಚಟ್ನಿ ತರುವಳು, ಬಂದವಳೇ ಕೇಳದೆ ಹಿಟ್ಟಿಗೆ ಕೈ ಹಾಕುವಳು. ಮುಂಬೈ ಗಿರಣಿಗೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಆಕೆ ಅತ್ತೆಯ ಮನೆಯ ಕಡೆ ತಿರುಗಿಯೂ ನೋಡಿರಲಿಲ್ಲ. ತಾಯಿ ತಂದೆ ಇಲ್ಲದ ತಂಗಿಯನ್ನು ಸಾಕಿ, ಮದುವೆ ಮಾಡಿ, ಕುಬಸ ಮಾಡಿ, ತೊಟ್ಟಿಲು ತಂದು ಕಟ್ಟಿದವಳು ಈಕೆಯೇ.

"ದೀಪಾವಳಿಗೆ ಜವಳ ಮುಗಸೂನು," ಎಂದ ಅಮೃತಪ್ಪ. "ಅಕ್ಕಲಕೋಟಕ್ಕ ಹೋಗಿ ಮನಿದೇವ್ರ ಗುಡ್ಯಾಗ. ಅಣ್ಣ ಕರಜಗಿಯಿಂದ ಗಾಡಿ ಕಟಗೊಂಡು ಬರತಾನ. ಅಂಗಡಿಗೂ ಸೂಟಿ, ಗಿರಣಿಗೂ ಸೂಟಿ."

"ಭಾವುಬೀಜದ ದಿನ ಇಡ್ರಿ," ಎಂದಳು ಅಕ್ಕನಾಗಮ್ಮ. "ಅಣ್ಣ-ತಂಗೀದ ದಿನ. ಸೋದರಮಾವನ ತೊಡಿ ಮ್ಯಾಲ ಕೂದಲ ಇಳಿಯಾಕ ಅದಕ್ಕಿಂತ ಚಲೋ ದಿನ ಇಲ್ಲ. ಅಂದ್ರ ಈಗ ಸೋದರಮಾವನ್ನ ಹುಡಕಬೇಕು."

"ಹುಡಕೂದು ಯಾಕರಿ ಬೀಗತೇರ," ಗಂಗುಬಾಯಿ ರೊಟ್ಟಿಯನ್ನು ಹಂಚಿಗೆ ಹಾಕುತ್ತ ಹೇಳಿದಳು. "ನನ್ನ ತೊಡಿ ಐತಲ್ಲ."

ಅಮೃತಪ್ಪನ ತುತ್ತು ಬಾಯಿಯ ಹತ್ತಿರ ನಿಂತಿತು. ಶಿವಶರಣಪ್ಪ ಗಂಗಾಳದಲ್ಲಿ ಏನೋ ಬಿದ್ದಿದೆ ಎಂಬಂತೆ ತಲೆ ಬಗ್ಗಿಸಿದ.

"ಸೋದರಮಾವ ಅಂದ್ರ ಗಂಡಸು, ಗಂಗುಬಾಯಿ," ಎಂದಳು ಅಕ್ಕನಾಗಮ್ಮ.

"ನಮ್ಮ ಮನ್ಯಾಗ ಗಂಡಸು ಹುಟ್ಟಲಿಲ್ಲ. ನಾ ಏನ ಮಾಡ್ಲಿ? ಮಾವ ಮಾಡೂದೆಲ್ಲ ನಾ ಮಾಡೀನಿ. ತೊಟ್ಟಲ ತಂದಾಗ ಯಾರೂ ನನ್ನ ಗಂಡಸೋ ಹೆಂಗಸೋ ಅಂತ ಕೇಳಲಿಲ್ಲ."

"ತೊಟ್ಟಲ ಬ್ಯಾರೆ, ತೊಡಿ ಬ್ಯಾರೆ," ಎಂದ ಅಮೃತಪ್ಪ. "ಅಣ್ಣ ಬಂದಿರ್ತಾನ, ಕರಜಗಿ ಮಂದಿ ಬಂದಿರ್ತಾರ. ನಿಮ್ಮ ಚಿಕ್ಕಪ್ಪನ ಮಗ ಬಸಣ್ಣ ಅದಾನಲ್ಲ? ಅಂವ ಕೂಡಲಿ."

"ಬಸಣ್ಣ?" ಸೋಮವ್ವನಿಗೆ ಬಾಯಿ ತಡೆಯಲಾಗಲಿಲ್ಲ. "ಮಾವ, ನನ್ನ ಲಗ್ನದಾಗ ಉಂಡು ಹೋದಾಂವ ಇನ್ನೂ ತಿರುಗಿ ಬಂದಿಲ್ರಿ."

"ಬರತಾನ. ಊಟ ಇದ್ರ ಬರತಾನ," ಎಂದ ಶಿವಶರಣಪ್ಪ. ಯಾರೂ ನಗಲಿಲ್ಲ.

ಅಕ್ಕನಾಗಮ್ಮ ನಿಯಮ ಹೇಳಿ ಮುಗಿಸಿದಳು: "ಯಾರರ ಕೂಡ್ರಲಿ, ನಮ್ಮ ಪದ್ಧತಿ ಗೊತ್ತಿರಲಿ. ಮುಂಜಾನಿಂದ ಕೂದಲ ಬೀಳೂತನಕ ಸೋದರಮಾವನ ಬಾಯಿಗೆ ನೀರ ಬಿಟ್ರ ಏನೂ ಹೋಗಬಾರದು. ಉಂಡವನ ತೊಡಿ ನಡಿಯಂಗಿಲ್ಲ."

ಗಂಗುಬಾಯಿ ಕೊನೆಯ ರೊಟ್ಟಿ ಬೇಯಿಸಿ, ಕೈ ತೊಳೆದು, ಉಣ್ಣದೆಯೇ ಎದ್ದು ಹೋದಳು. ಅವಳ ಪಾಲಿನ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು.

ಆಮೇಲೆ ಎಷ್ಟೋ ರವಿವಾರ ಬಂದವು, ಗಂಗುಬಾಯಿ ಬರಲಿಲ್ಲ. ಚಟ್ನಿಯ ಡಬ್ಬಿ ಬರಿದಾಗಿ ಕಪಾಟಿನಲ್ಲಿ ಕೂತಿತು. ಬಸಣ್ಣ ಮಾತ್ರ ಬಂದ. ಮಾತುಗಾರ, ನಗುಮುಖದವ, ಕೆಟ್ಟವನೇನಲ್ಲ. ತಂಗಿಯ ಮನೆ ಈಗ ನೆನಪಾಯಿತು, ಅಷ್ಟೇ. ಹೋಳಿಗೆ ತಿಂದು, ತುಪ್ಪ ಕೇಳಿ ಹಾಕಿಸಿಕೊಂಡು, ನಿಂಗಣ್ಣನ ಜಡೆ ಎಳೆದು ಅಳಿಸಿ, "ಧೈರ್ಯದ ಹುಡುಗ" ಎಂದು ಹೋದ.

ಆ ರಾತ್ರಿ ಗಂಗಾಳ ತೊಳೆಯುತ್ತ ಸೋಮವ್ವ ಗಂಡನನ್ನು ಹಿಡಿದಳು.

"ನೀವು ಒಂದ ಮಾತ ಆಡಬಾರದೇನ್ರಿ?"

"ಅಪ್ಪನ ಮುಂದ? ನೀ ನಿಮ್ಮಕ್ಕನ ಮುಂದ ಆಡತೀಯೇನು?"

"ಆಡತೀನಿ."

"ಹಂಗಾರ ನೀನ ಅಪ್ಪನ ಮುಂದೂ ಆಡು. ನನಗಿಂತ ಚಲೋ ಆಡತಿ."

"ಅರಿವಿ ಅಳಿಯೂ ಕೈಗೆ ಎರಡೂ ಕಡೆ ಹಿಡಿಯೂದ ಗೊತ್ತು," ಎಂದು ಸೋಮವ್ವ ಗಂಗಾಳವನ್ನು ಸಪ್ಪಳ ಮಾಡಿ ಇಟ್ಟಳು. ಮರುದಿನ ಅಂಗಡಿಯಿಂದ ಬರುವಾಗ ಶಿವಶರಣಪ್ಪ ನಿಂಗಣ್ಣನ ಜಡೆಗೆಂದು ಎರಡು ಕೆಂಪು ರಿಬ್ಬನ್ನು ತಂದ. ಅದನ್ನು ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ದಸರೆ ಮುಗಿದ ಮೇಲೆ ಒಂದು ದಿನ ಅಕ್ಕನಾಗಮ್ಮ ತಾನಾಗಿಯೇ ಹೇಳಿದಳು: "ನಡಿ, ನಿಮ್ಮಕ್ಕನ ಮನಿಗೆ ಹೋಗಿ ಬರೂನು. ಡಬ್ಬಿ ತಿರುಗಿ ಕೊಡಬೇಕು. ಖಾಲಿ ಕೊಡೂದ ಪದ್ಧತಿ ಅಲ್ಲ, ಒಂದಿಷ್ಟು ಅವಲಕ್ಕಿ ಹಾಕು."

ಗಿರಣಿಯವರ ಚಾಳಿನಲ್ಲಿ ಗಂಗುಬಾಯಿಯ ಖೋಲಿಗೆ ಬೀಗ. ಆಕೆ ಗಿರಣಿಯಿಂದ ಬರಲು ಇನ್ನೂ ಹೊತ್ತಿತ್ತು. ಪಕ್ಕದ ಖೋಲಿಯ ಪುತಳಾಬಾಯಿ, ಮರಾಠಿ ಬೆರೆಸಿ ಕನ್ನಡ ಆಡುವ ಹಣ್ಣು ಮುದುಕಿ, ಇಬ್ಬರನ್ನೂ ಒಳಗೆ ಕರೆದು ಮಣೆ ಹಾಕಿದಳು.

"ಅಗೋಬಾಯಿ, ಸೋಮಿ, ಎಷ್ಟ ದೊಡ್ಡಾಕಿ ಆಗೀದಿ. ಇಕಿನ್ನ ಬಗಲಾಗ ಇಟಗೊಂಡ ಗಂಗೂ ಮಣ್ಣ ಹಾಕಿದ್ದಳ್ರಿ, ನಿನ್ನೆ ಮೊನ್ನೆ ಆದಂಗೈತಿ."

"ಯಾವ ಮಣ್ಣು?" ಅಕ್ಕನಾಗಮ್ಮ ಕೇಳಿದಳು.

"ಇವರಪ್ಪಗ್ರಿ. ಮಾನಮೋಡಿ ಜ್ವರದ ವರ್ಷ. ಚಾಳಿನಾಗ ಮನಿಗೊಂದು ಹೆಣ, ಹೊರಾಕ ಮಂದಿ ಇಲ್ಲ. ನಮ್ಮ ಮಾಲಕ, ನನ್ನ ಗಂಡರಿ, ಮತ್ತ ಓಣ್ಯಾನ ಮೂರ ಮಂದಿ ಹೊತ್ತರು. ಕುಣಿ ಹತ್ರ ಅಯ್ಯನವರು ಕೇಳಿದ್ರು, ಮಗ ಎಲ್ಲಿ, ಮೊದಲ ಹಿಡಿ ಮಗಾ ಹಾಕಬೇಕು ಅಂತ. ಇವರ ಕಾಕಾ, ಆ ಬಸಣ್ಣನ ಅಪ್ಪ, ಜ್ವರ ಹತ್ತೀತು ಅಂತ ಬರಲೇ ಇಲ್ಲ. ಗಂಗೂ ಮುಂದ ಬಂದಳು. ಹದಿನಾರ ವರ್ಷದ ಪೋರಿ. ಈ ಸೋಮಿನ್ನ ಕೆಳಗ ಇಳಸಲೂ ಇಲ್ಲ, ಹಂಗ ಬಗ್ಗಿ ಮೂರ ಹಿಡಿ ಮಣ್ಣ ಹಾಕಿದಳು."

ಸೋಮವ್ವನಿಗೆ ಇದು ಗೊತ್ತಿದ್ದದ್ದೇ. ಆದರೆ ಯಾರ ಮುಂದೆಯೂ ಹೇಳಿರಲಿಲ್ಲ. ಹೆಣ್ಣು ಮಣ್ಣು ಕೊಟ್ಟಳೆಂದರೆ ಮಂದಿ ಏನು ಅಂದುಕೊಂಡಾರು ಎಂದು ಅಕ್ಕನೇ ಬಾಯಿ ಕಟ್ಟಿಸಿದ್ದಳು. ಅವಳು ಹೆದರಿ ಅತ್ತೆಯ ಮುಖ ನೋಡಿದಳು.

ಅಕ್ಕನಾಗಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಯ್ಯನವರು ಏನಂದ್ರು?"

"ಏನ ಅನಬೇಕ್ರಿ? ನಡೀತು ಅಂದ್ರು. ಮುಂದಿನ ಮಂತ್ರ ಹೇಳಿದ್ರು."

"ನಡೀತು ಅಂದ್ರು?"

"ನಡೀತು ಅಂದ್ರು."

ಅಷ್ಟರಲ್ಲಿ ಗಂಗುಬಾಯಿ ಬಂದಳು, ಕೂದಲ ತುಂಬ ಹತ್ತಿಯ ಧೂಳು. ಡಬ್ಬಿ ಇಸಿದುಕೊಂಡಳು, ನೀರು ಕೊಟ್ಟಳು, "ಕುಂಡ್ರಿ" ಎಂದಳು, ತಿರುಗಿ ಧೂಳು ಕೊಡವಲು ನಿಂತಳು. ಎದ್ದು ಹೊರಡುವಾಗ ಅಕ್ಕನಾಗಮ್ಮ ಹೊಸ್ತಿಲಲ್ಲಿ ನಿಂತು ಹೇಳಿದಳು: "ಭಾವುಬೀಜದ ದಿನ ನೀವೂ ಬರ್ರಿ. ಮಗಳ ಮನಿ ಕಾರ್ಯ. ತೊಡಿ ಮಾತ ಮಾತ್ರ ಎತ್ತಬ್ಯಾಡ್ರಿ."

"ಬರತೀನಿ. ನನ್ನ ಕೂಸಿನ ಜವಳ ನಾ ನೋಡಬೇಕಲ್ಲ," ಎಂದಳು ಗಂಗುಬಾಯಿ. "ದೂರ ನಿಂತು ನೋಡತೀನಿ."

ದಾರಿಯುದ್ದಕ್ಕೂ ಸೋಮವ್ವ ಅತ್ತೆಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಭಾವುಬೀಜದ ದಿನ ನಸುಕಿನಲ್ಲೇ ಎಲ್ಲರೂ ಸ್ಟೇಶನ್ನಿಗೆ ಬಂದರು. ಪ್ರತಿ ವರ್ಷ ಆ ದಿನ ಸೋಮವ್ವ ಚಾಳಿಗೆ ಹೋಗಿ ಅಕ್ಕನಿಗೇ ಆರತಿ ಬೆಳಗುತ್ತಿದ್ದಳು; ಈ ಸಲ ಮಾವನ ಎದುರಿಗೆ ಬಸಣ್ಣನಿಗೆ ಬೆಳಗಿ ಬಂದಿದ್ದಳು. ಗಂಗುಬಾಯಿ ಹಸಿರು ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಚೀಲ ಹಿಡಿದು ಮೊದಲೇ ಬಂದು ನಿಂತಿದ್ದಳು.

"ಏನೇನ ತಂದೀಯಕ್ಕ?"

"ಅಂಗಿ, ಟೊಪ್ಪಿಗಿ. ಮಾವ ತರತಾನೋ ಇಲ್ಲೋ ಅಂತ." ಬಸಣ್ಣನ ಕೈ ಬರಿದಾಗಿತ್ತು.

ಗಾಡಿ ಹೊರಟಿತು. ನಿಂಗಣ್ಣ ಕಿಟಕಿಗೆ ಮೂಗು ಒತ್ತಿ ಓಡುವ ಜೋಳದ ಹೊಲಗಳನ್ನು ನೋಡುತ್ತ ಎರಡು ಜಡೆ ಕುಣಿಸುತ್ತಿದ್ದ. ಅಕ್ಕನಾಗಮ್ಮ ಬುತ್ತಿಯ ಬುಟ್ಟಿ ಬಿಚ್ಚಿ ಒಬ್ಬೊಬ್ಬರದೇ ಗಂಟು ಕೊಟ್ಟಳು. ಗಂಡನಿಗೆ, ಮಗನಿಗೆ, ಸೊಸೆಗೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎರಡೆರಡು ಕರ್ಚಿಕಾಯಿ. ಬಸಣ್ಣನಿಗೆ ಕೊಡಲಿಲ್ಲ, ಅವನು ಉಪವಾಸ ಇರಬೇಕಾದವನು. ಗಂಗುಬಾಯಿಗೂ ಕೊಡಲಿಲ್ಲ.

"ಬುತ್ತಿ ಕಡಿಮಿ ಬಿತ್ತು ನೋಡ್ರಿ ಗಂಗುಬಾಯಿ," ಎಂದಳು ಬುಟ್ಟಿ ಮುಚ್ಚುತ್ತ.

"ಇರಲಿ ಬೀಗತೇರ. ನನಗ ಹಸಿವಿಲ್ಲ."

ಸೋಮವ್ವ ತನ್ನ ರೊಟ್ಟಿ ಮುರಿದು ಅಕ್ಕನ ಕಡೆ ಚಾಚಿದಳು. ಅಕ್ಕನಾಗಮ್ಮ ನಡುವೆಯೇ ಕೈ ಅಡ್ಡ ತಂದಳು. "ನಿನ್ನ ಪಾಲು ನೀ ತಿನ್ನು. ದಿನಾ ಪೂರ ಕೂಸಿನ್ನ ಎತಗೊಂಡು ಅಡ್ಡಾಡಬೇಕು."

"ತಿನ್ನು ಸೋಮಿ," ಎಂದಳು ಗಂಗುಬಾಯಿ, ಕಿಟಕಿಯ ಹೊರಗೆ ನೋಡುತ್ತ. ಸೋಮವ್ವ ರೊಟ್ಟಿಯನ್ನು ಗಂಟಿನಲ್ಲೇ ಮಡಚಿ ಇಟ್ಟಳು. ಕರೆದು ತಂದು ಉಪವಾಸ ಕೆಡವುವುದೂ ಇವರ ಪದ್ಧತಿಯೇನು, ಎಂದು ನಾಲಗೆಯ ತುದಿಗೆ ಬಂದಿತ್ತು. ಮಾವ ಎದುರಿಗಿದ್ದ ಎಂದು ನುಂಗಿಕೊಂಡಳು. ಅಮೃತಪ್ಪ ಮಾತ್ರ ಉಂಡು, ತಲೆಯ ಪಟಗದ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೊರಕೆ ಸುರು ಮಾಡಿದ್ದ.

ಹೋಟಗಿ ಸ್ಟೇಶನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಚಹಾದವನು ಕಿಟಕಿಯ ಹತ್ತಿರ ಬಂದು ಕೂಗಿದ. ಬಸಣ್ಣನ ಮೂಗು ಅರಳಿತು.

"ಅತ್ತೀ, ಚಹಾ ನಡೀತೈತೇನ್ರಿ? ನೀರಷ್ಟ ಅಂದಿದ್ರು ಮಾವನೋರು."

ಅಕ್ಕನಾಗಮ್ಮ ಮೊಮ್ಮಗನ ರಿಬ್ಬನ್ನು ಬಿಗಿಯುತ್ತಿದ್ದಳು. "ನೀವು ಶಾಣ್ಯಾರು, ಪ್ಯಾಟಿ ಮಂದಿ. ನಿಮಗ ಬಾಯಿ ಒಣಗಿದ್ರ ನಾ ಬ್ಯಾಡ ಅನ್ನಲೇನು? ಏ ತಮ್ಮಾ, ಇವರಿಗೊಂದು ಕೊಡು."

"ಈ ಬಾಯೀರಿಗೆ?" ಚಹಾದವನು ಗಂಗುಬಾಯಿಯ ಕಡೆ ಕಪ್ಪು ಚಾಚಿದ.

"ಅವರಿಗೆ ಬ್ಯಾಡ," ಎಂದಳು ಅಕ್ಕನಾಗಮ್ಮ.

ಗಂಗುಬಾಯಿಯ ಮುಖ ಕೆಂಪಾಯಿತು. ಸೋಮವ್ವ ಬಾಯಿ ತೆರೆದೇಬಿಟ್ಟಳು. "ಅತ್ತಿ, ನೀವ ಅವತ್ತ..."

"ಕೂಸಿನ ಮೂಗ ಒರಸು," ಎಂದು ಅತ್ತೆ ನಿಂಗಣ್ಣನನ್ನು ಎತ್ತಿ ಅವಳ ಮಡಿಲಿಗೆ ಹಾಕಿದಳು. ಬಸಣ್ಣ ಬಸಿಯಲ್ಲಿ ಸುರಿದು, ಊದಿ, ಸೊರ್ರೆಂದು ಕುಡಿದ. "ಹೋಟಗಿ ಚಹಾದ ರುಚೀನ ಬ್ಯಾರೆ," ಎಂದ.

ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಟಾಂಗಾ ಮಾಡಿಕೊಂಡು ಗುಡಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಬೇವಿನ ನೆರಳಿನಲ್ಲಿ ಕರಜಗಿಯ ಎತ್ತಿನ ಗಾಡಿ ನಿಂತಿತ್ತು. ಬಿಳಿ ಮೀಸೆಯ ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ; ಊರಿನ ನಾಲ್ಕು ಮಂದಿ ಸುತ್ತಲೂ ಇದ್ದರು. ಹಡಪದ ಮುದುಕ ಕತ್ತಿ ಮಸೆದು, ನೀರಿನ ಬಟ್ಟಲು ಇಟ್ಟುಕೊಂಡು ತಯಾರಾಗಿದ್ದ. ಕಂಬಳಿ ಹಾಸಿದರು. ಬಸಣ್ಣ ಧೋತರ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಗಂಗುಬಾಯಿ ತಾನು ಹೇಳಿದ ಹಾಗೆ ದೂರ, ಬೇವಿನ ಬೊಡ್ಡೆಗೆ ಆತು ನಿಂತಳು.

"ತಡೀರಿ," ಎಂದಳು ಅಕ್ಕನಾಗಮ್ಮ, ಆರತಿಯ ತಟ್ಟೆ ಹಿಡಿದುಕೊಂಡೇ. "ಬಸಣ್ಣ, ಮುಂಜಾನಿಂದ ಬಾಯಿಗೆ ಏನರ ಹೋಗೈತೇನು?"

"ಏನೂ ಇಲ್ರಿ ಅತ್ತಿ. ಚಹಾ ಅಷ್ಟ."

"ಹಾಲು ಹಾಕಿದ್ದನೋ?"

"ಹಾಕಿದ್ದ."

"ಸಕ್ಕರಿ?"

"ಭರಪೂರ ಹಾಕಿದ್ದ ಬಿಡ್ರಿ."

"ಹಾಲು ಸಕ್ಕರಿ ಬಿದ್ದ ಮ್ಯಾಲ ಅದು ನೀರ ಅಲ್ಲ, ಊಟ."

ಸೋಮವ್ವನ ಕೈಯಲ್ಲಿದ್ದ ತೆಂಗಿನಕಾಯಿ ಜಾರುವುದೊಂದು ಬಾಕಿ.

"ನೀವ ಕೊಡಸಿದ್ರಲ್ರೀ," ಎಂದ ಬಸಣ್ಣ, ಅತ್ತ ಇತ್ತ ನೋಡುತ್ತ.

"ಕೊಡಸಿದೆ. ತಪ್ಪು ನಂದ. ದೇವ್ರಿಗೆ ಒಂದ ಕಾಯಿ ಹೆಚ್ಚಿಗಿ ಒಡಸತೀನಿ. ಆದ್ರ ಉಂಡವನ ತೊಡಿ ಮ್ಯಾಲ ನಮ್ಮ ಮನ್ಯಾಗ ಕೂದಲ ಬಿದ್ದಿಲ್ಲ." ಅಕ್ಕನಾಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿರಿಯ ಭಾವನ ಕಡೆ ತಿರುಗಿದಳು. "ಭಾವನೋರು ಹೇಳಲಿ, ಬಿದ್ದೈತೇನು?"

ಗುರುಲಿಂಗಪ್ಪ ಮೀಸೆ ಒರೆಸಿದ. "ನಮ್ಮಪ್ಪನ ಕಾಲಕ್ಕೂ ಬಿದ್ದಿಲ್ಲ."

"ಹಂಗಾರ ನಾಳಿ ಮಾಡೂನು," ಎಂದ ಅಮೃತಪ್ಪ.

"ನಾಳಿ ಶಿವಾನ ಅಂಗಡಿ ತೆರೀತೈತಿ. ಇವತ್ತ ಬಿಟ್ರ ಜಡಿ ಇನ್ನೆರಡ ವರ್ಷ. ಸೋಮವ್ವನ ತವರವರು ಇಲ್ಲಿ ಇನ್ನ್ಯಾರರ ಅದಾರೇನು, ಬಾಯಿಗೆ ಏನೂ ಹಾಕದವರು?"

ಒಂದೊಂದೇ ಮುಖ ಬೇವಿನ ಕಡೆ ಹೊರಳಿತು.

"ನನ್ನ ಯಾಕ ನೋಡತೀರಿ?" ಎಂದಳು ಗಂಗುಬಾಯಿ. "ಹಾಕಾಕ ನನಗ ಯಾರರ ಕೊಟ್ಟಿದ್ರೇನು?"

ಶಿವಶರಣಪ್ಪ ಮೊದಲು ನಕ್ಕ. ಆಮೇಲೆ, ಅಪ್ಪನ ಮಾತಿಗೆ ಎಂದೂ ಎದುರಾಡದವನು, ಗಂಟಲು ಸರಿಮಾಡಿಕೊಂಡು, "ಖರೆ ಐತಿ ದೊಡ್ಡಪ್ಪ. ಮುಂಜಾನಿಂದ ಅಕ್ಕ ಒಂದ ತುತ್ತ ತಿಂದಿಲ್ಲ. ನಾ ಸಾಕ್ಷಿ," ಎಂದ.

"ಹೆಣ್ಣಮಗಳು ಸೋದರಮಾವ ಹೆಂಗ ಆಗತಾಳೋ?" ಗುರುಲಿಂಗಪ್ಪ ಕೇಳಿದ. ಸಿಟ್ಟಿನಿಂದಲ್ಲ, ಗೊತ್ತಿಲ್ಲದ ಬೀಜದ ಬಗ್ಗೆ ಕೇಳುವಂತೆ.

ಉತ್ತರ ಕೊಟ್ಟವಳು ಅಕ್ಕನಾಗಮ್ಮ. "ಇವರಪ್ಪ ಸತ್ತಾಗ ಮನಿತನದ ಗಂಡಸ್ರು ಯಾರೂ ಬರಲಿಲ್ಲ. ಮೊದಲ ಹಿಡಿ ಮಣ್ಣು ಇಕಿ ಹಾಕ್ಯಾಳ. ಅಯ್ಯನವರು ನಡೀತು ಅಂದಾರ. ಮಣ್ಣಿಗೆ ಮಗ ಆದಾಕಿ ಕೂದಲಿಗೆ ಯಾಕ ಆಗಬಾರದು?"

ಬಸಣ್ಣ ತಲೆ ತಗ್ಗಿಸಿದ. ಬರದೆ ಉಳಿದ ಗಂಡಸು ತನ್ನ ಅಪ್ಪ ಎಂಬುದು ಅವನಿಗೆ ಗೊತ್ತಿತ್ತು. ಎದ್ದು ಕಂಬಳಿ ಕೊಡವಿ, "ಬಾ ಅಕ್ಕ, ಕುಂಡ್ರು," ಎಂದ.

ಗುರುಲಿಂಗಪ್ಪ ಹಡಪದವನನ್ನು ನೋಡಿದ. ಹಡಪದವನು, "ನನಗ ತೊಡಿ ಅಳ್ಳಾಡದಿದ್ರ ಸಾಕ್ರಿ," ಎಂದ.

"ಕುಂಡ್ರಸ್ರಿ," ಎಂದ ಗುರುಲಿಂಗಪ್ಪ. "ಬಿಸಲಾಗಾಕತ್ತೈತಿ."

ಗಂಗುಬಾಯಿ ಬಂದು ಕೂತಳು. ನಿಂಗಣ್ಣನನ್ನು ತೊಡೆಯ ಮೇಲೆ ಇಟ್ಟ ಕೂಡಲೇ ಅವನು ಗುಡಿ ಹಾರಿಹೋಗುವಂತೆ ಚೀರಿದ, ಒದ್ದ, ದೊಡ್ಡವ್ವನ ಮುಂಗೈ ಕಚ್ಚಿದ. ಆದರೆ ಓಡುವ ಯಂತ್ರದಲ್ಲಿ ಹರಿದ ಎಳೆ ಹಿಡಿದು ಗಂಟು ಹಾಕುವ ಕೈ ಅದು. ತಲೆಯನ್ನು ಮೆಲ್ಲಗೆ, ಬಿಗಿಯಾಗಿ ಹಿಡಿಯಿತು. ತೊಡೆ ಅಳ್ಳಾಡಲಿಲ್ಲ. ಮೊದಲ ಎಳೆಯನ್ನು ಸೋದರಮಾವನೇ ಕತ್ತರಿಸಬೇಕು. ಗಂಗುಬಾಯಿ ಕತ್ತರಿಸಿದಳು. ಕೂದಲು ಕೆಳಗೆ ಬೀಳಬಾರದೆಂದು ಶಿವಶರಣಪ್ಪ ಹೊಸ ವಸ್ತ್ರ ಹುಡುಕುತ್ತಿದ್ದ.

"ವಸ್ತ್ರ ಗಂಡಸ್ರಿಗೆ," ಎಂದಳು ಅಕ್ಕನಾಗಮ್ಮ. "ಅಕಿಗೆ ಉಡಿ ಐತಿ."

ಗಂಗುಬಾಯಿ ಸೆರಗು ಹರಡಿದಳು. ಕೆಂಪು ರಿಬ್ಬನ್ನಿನ ಸಮೇತ ಎರಡು ಜಡೆ ಅವಳ ಹಸಿರು ಉಡಿಗೆ ಬಿದ್ದವು. ಸೋಮವ್ವ ಆರತಿ ಬೆಳಗಿದಳು. ಮೊದಲು ಮಗನಿಗೆ, ಆಮೇಲೆ, ಎಲ್ಲರ ಎದುರಿಗೆ, ಅಕ್ಕನಿಗೆ. ಜರತಾರಿ ಟೊಪ್ಪಿಗೆ ಹೊರಗೆ ಬಂತು. ಗಂಗುಬಾಯಿ ಅದನ್ನು ಜಡೆ ಇದ್ದ ತಲೆಯ ಅಳತೆಗೆ ತಂದಿದ್ದಳು. ಬೋಳು ತಲೆಯ ಮೇಲೆ ಅದು ಜಾರಿ ಮೂಗಿಗೆ ಬಂದು ಕೂತಿತು. ಅಳುತ್ತಿದ್ದ ನಿಂಗಣ್ಣ ಕತ್ತಲಾದದ್ದಕ್ಕೆ ಗಾಬರಿಯಾಗಿ ಸುಮ್ಮನಾದ. ಕರಜಗಿಯ ಮಂದಿ ನಕ್ಕದ್ದಕ್ಕೆ ಎತ್ತುಗಳು ಕೂಡ ತಲೆ ಎತ್ತಿದವು.

ಬೇವಿನ ನೆರಳಿನಲ್ಲಿ ಊಟಕ್ಕೆ ಕೂತಾಗ ಅಕ್ಕನಾಗಮ್ಮ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ಗಂಟು ತೆಗೆದಳು. ಉಳಿದೆಲ್ಲ ಗಂಟುಗಳಿಗಿಂತ ದೊಡ್ಡದು. ಒಳಗೆ ಎಣ್ಣೆ ಹೋಳಿಗೆ, ಸಜ್ಜೆ ರೊಟ್ಟಿ, ಆರು ಕರ್ಚಿಕಾಯಿ.

"ತಗೋರಿ ಗಂಗುಬಾಯಿ. ಇದು ನಿಮ್ದು. ನಸುಕಿನ್ಯಾಗ ಎಲ್ಲಾರಿಗಿಂತ ಮೊದಲ ಕಟ್ಟೀನಿ."

ಗಂಗುಬಾಯಿ ಗಂಟನ್ನು ನೋಡಿದಳು, ಅಕ್ಕನಾಗಮ್ಮನನ್ನು ನೋಡಿದಳು. "ಬುತ್ತಿ ಕಡಿಮಿ ಬಿತ್ತು ಅಂದಿದ್ರಿ."

"ಅಂದಿದ್ದೆ. ಹಸದೀರಿ, ಉಣ್ರಿ. ಮತ್ತ ರವಿವಾರ ಬರುವಾಗ ಚಟ್ನಿ ತರ್ರಿ, ಡಬ್ಬಿ ಖಾಲಿ ಇಟಗೊಂಡು ಕುಂಡ್ರಬ್ಯಾಡ್ರಿ."

ಸಂಜೆಯ ಗಾಡಿ ಮತ್ತೆ ಹೋಟಗಿಯಲ್ಲಿ ನಿಂತಿತು. ನಿಂಗಣ್ಣ ದೊಡ್ಡವ್ವನ ತೊಡೆಯ ಮೇಲೆ, ಟೊಪ್ಪಿಗೆ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದ. ಮುಂಜಾನೆಯ ಅದೇ ಚಹಾದವನು ಬಂದ. "ಈಗರ ಕುಡೀಬಹುದೇನ್ರಿ ಅತ್ತಿ?" ಎಂದು ಬಸಣ್ಣ ಕೇಳಿದ್ದಕ್ಕೆ ಅಮೃತಪ್ಪನೂ ನಕ್ಕ. ಎಲ್ಲರಿಗೂ ಚಹಾ ಬಂತು. ಗಂಗುಬಾಯಿಗೆ ಎಲ್ಲರಿಗಿಂತ ಮೊದಲು.

ಸೋಮವ್ವ ಅತ್ತೆಯ ಕಿವಿಯ ಹತ್ತಿರ ಬಾಗಿದಳು. "ಅತ್ತಿ, ಮುಂಜಾನಿ ಚಹಾದ ನೇಮ ಖರೇನ ಮರತಿದ್ರೇನ್ರಿ?"

ಅಕ್ಕನಾಗಮ್ಮ ಬಸಿಗೆ ಚಹಾ ಸುರಿದು, ಒಮ್ಮೆ ಊದಿ, ಸೊಸೆಯ ಮುಂದೆ ಹಿಡಿದಳು.

"ನಾ ಯಾವತ್ತರ ಏನರ ಮರತದ್ದು ನೋಡೀಯೇನು? ಕುಡಿ. ಇವತ್ತ ಸೋಮವಾರ ಅಲ್ಲ."